ಅಳಿಸಿಹೋದ ಒಂಬತ್ತು ಗುಳಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪಕ್ಕದ ಕೋಣೆಯಿಂದ ಎದ್ದ ಕೂಗಿಗೆ ನನ್ನ ಕೈಯಲ್ಲಿದ್ದ ಚಹಾ ಅರ್ಧ ಪುಸ್ತಕಗಳ ಪಟ್ಟಿಯ ಮೇಲೂ ಅರ್ಧ ನನ್ನ ಮಡಿಲಿಗೂ ಚೆಲ್ಲಿತು.

"ಕಳ್ಳ! ಮತ್ತೆ ಮೋಸ ಮಾಡಿದ್ನಲ್ಲಪ್ಪಾ ಆ ಕಳ್ಳ!"

ದನಿ ಓರ್ಮೊನ್ ಅಣ್ಣನವರದು. ನಮ್ಮ ಬೆಟ್ಟದೂರು ಕೊಚ್ಕೋರಿನ ಸಂಸ್ಕೃತಿ ಭವನದಲ್ಲಿ ನನ್ನ ಗ್ರಂಥಾಲಯಕ್ಕೂ ಕಂಪ್ಯೂಟರ್ ಕೋಣೆಗೂ ನಡುವೆ ಇರುವುದು ಒಂದೇ ಒಂದು ಹಲಗೆಯ ಗೋಡೆ. ಆಚೆ ಯಾರಾದರೂ ಸೀನಿದರೆ ಈಚೆಯಿಂದ ನಾನು ನೂರು ವರ್ಷ ಬಾಳಿ ಅನ್ನಬೇಕು, ಅಷ್ಟು ತೆಳು. ಓಡಿಹೋಗಿ ನೋಡಿದರೆ ಓರ್ಮೊನ್ ಅಣ್ಣ ಎದೆ ಹಿಡಿದುಕೊಂಡು ನಿಂತಿದ್ದರು. ಎಪ್ಪತ್ತನಾಲ್ಕರ ಮುದುಕರು, ಮುಂದಿನ ವಾರ ರಾಜಧಾನಿ ಬಿಷ್ಕೆಕ್‌ನಲ್ಲಿ ಅವರಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಮಗಳು ಬುರುಲ್ಚಾ ಅವರನ್ನು ಕುರ್ಚಿಗೆ ಕೂರಿಸಲು ಹೆಣಗುತ್ತಿದ್ದಳು. ಕಂಪ್ಯೂಟರಿನ ತೆರೆಯ ಮೇಲೆ ಒಂದೇ ಸಾಲು ಹೊಳೆಯುತ್ತಿತ್ತು: ಉಳಿಸಿಟ್ಟ ಆಟ ಯಾವುದೂ ಇಲ್ಲ.

ಎಂಟು ತಿಂಗಳ ಆಟ ಅದು. ಹೇಗೆ ಶುರುವಾಯಿತೆಂದು ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಓರ್ಮೊನ್ ಅಣ್ಣನವರೂ ಜಕ್ಷಿಲಿಕ್ ಅಣ್ಣನವರೂ ಒಂದೇ ಬೆಟ್ಟದಲ್ಲಿ ಕುರಿ ಕಾಯ್ದು ಬೆಳೆದವರು. ಹಲಗೆಯ ಗುಳಿಗಳಲ್ಲಿ ಕಲ್ಲು ಹಂಚುತ್ತ ಎದುರಾಳಿಯ ಕಲ್ಲು ಗೆಲ್ಲುವ ಒಂಬತ್ತು ಗುಳಿಯಾಟದಲ್ಲಿ ಇಡೀ ಕಣಿವೆಗೆ ಅವರಿಬ್ಬರೇ. ಹನ್ನೊಂದು ವರ್ಷದ ಹಿಂದೆ ನಾರಿನ್ ಪಟ್ಟಣದಲ್ಲಿ ನಡೆದ ಪಂದ್ಯದ ಕೊನೆಯ ಸುತ್ತಿನಲ್ಲಿ ಇಬ್ಬರೂ ಎದುರಾಬದುರು ಕೂತಿದ್ದರು. ಓರ್ಮೊನ್ ಅಣ್ಣ ನೀರು ಕುಡಿಯಲು ಎದ್ದುಹೋಗಿ ಬಂದರು; ಬಂದವರೇ ಒಂದು ಗುಳಿಯ ಕಲ್ಲು ಪಕ್ಕದ ಗುಳಿಗೆ ಹೋಗಿದೆ ಎಂದು ಎಲ್ಲರ ಮುಂದೆ ಗೆಳೆಯನನ್ನು ಕಳ್ಳ ಎಂದರು. ಬೇರೆ ಯಾರೂ ಏನನ್ನೂ ನೋಡಿರಲಿಲ್ಲ. ಜಕ್ಷಿಲಿಕ್ ಅಣ್ಣ ಒಂದೇ ಒಂದು ಕಲ್ಲಿನಿಂದ ಗೆದ್ದರು. ಸೋತದ್ದು ಜೀರ್ಣವಾಗದೆ ಓರ್ಮೊನ್ ಹೀಗೆ ಬಾಯಿಗೆ ಬಂದದ್ದು ಆಡಿದ ಅಂತ ಊರೆಲ್ಲ ಮಾತಾಡಿತು. ನಾನೂ ಹಾಗೇ ಅಂದುಕೊಂಡಿದ್ದೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಓರ್ಮೊನ್ ಅಣ್ಣನವರ ಹೆಂಡತಿ ತೀರಿಕೊಂಡ ದಿನ ಜಕ್ಷಿಲಿಕ್ ಅಣ್ಣ ಬಂದು ಬೇಲಿಯಾಚೆ ಹಿಮದಲ್ಲಿ ಸಂಜೆಯವರೆಗೂ ನಿಂತಿದ್ದರು. ಯಾರೂ ಕರೆಯಲಿಲ್ಲ, ಅವರೂ ಒಳಗೆ ಬರಲಿಲ್ಲ.

ಬುರುಲ್ಚಾ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ, ಬೆಳಗಿನ ಹೊತ್ತು ನಮ್ಮ ಭವನದ ನಾಲ್ಕು ಹಳೆಯ ಯಂತ್ರಗಳನ್ನು ನೋಡಿಕೊಳ್ಳುತ್ತಾಳೆ. ಆ ಒಂಬತ್ತು ಗುಳಿಯಾಟವನ್ನು ಕಂಪ್ಯೂಟರಿಗೆ ಇಳಿಸಿದವಳು ಅವಳೇ. ಅಪ್ಪ ಮಂಗಳವಾರ ಬಂದು ಒಂದು ನಡೆ ನಡೆಸುವುದು, ಜಕ್ಷಿಲಿಕ್ ಚಿಕ್ಕಪ್ಪ ಗುರುವಾರ ಬಂದು ಉತ್ತರ ಕೊಡುವುದು. ಮುಖ ನೋಡಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಮೂರು ತಿಂಗಳಿಗೆಲ್ಲ ಓರ್ಮೊನ್ ಅಣ್ಣ ನನ್ನ ಬಳಿ ಬಂದು, "ಅವನ ಮೊಣಕಾಲು ನೋವು ಹೇಗಿದೆಯಂತೆ?" ಎಂದು ಗೋಡೆ ನೋಡುತ್ತ ಕೇಳಿದ್ದರು.

ಆ ಆಟವೇ ಈಗ ಇಲ್ಲ. ಗೆಲ್ಲಲು ಎಂಬತ್ತೆರಡು ಕಲ್ಲು ಬೇಕು. ಓರ್ಮೊನ್ ಅಣ್ಣನವರ ಬಳಿ ಎಪ್ಪತ್ತಾರಿದ್ದವು, ಜಕ್ಷಿಲಿಕ್ ಅಣ್ಣನವರ ಬಳಿ ಅರವತ್ತು. ಸೋಲುತ್ತಿದ್ದವರು ಯಾರೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಓರ್ಮೊನ್ ಅಣ್ಣ ಹೇಳಿಯೇಬಿಟ್ಟರು. ಭವನದಿಂದ ಹೊರಟವರು ಸಂತೆ ಬೀದಿಯ ಉದ್ದಕ್ಕೂ ಹೇಳಿಕೊಂಡೇ ಮನೆಗೆ ಹೋದರು.

ಬುರುಲ್ಚಾ ನನ್ನ ಕೋಣೆಗೆ ಬಂದು ಕುಸಿದು ಕೂತಳು. "ಕಲೀಪಾ ಅಕ್ಕ, ಸೋಮವಾರ ಕರ್ಕೊಂಡು ಹೊರಡ್ಬೇಕು. ಉಳಿಯೋದು ಅರ್ಧಕ್ಕರ್ಧ ಅಂದಿದ್ದಾರೆ ಡಾಕ್ಟ್ರು. ಈ ಶನಿವಾರ ಇಬ್ರನ್ನೂ ಒಟ್ಟಿಗೆ ಕೂರಿಸಿ ಚಹಾ ಕುಡಿಸ್ಬೇಕು ಅಂತಿದ್ದೆ. ಇಬ್ರೂ ಹೂಂ ಅಂದಿದ್ರು! ಹನ್ನೊಂದು ವರ್ಷದಲ್ಲಿ ಮೊದಲ್ನೇ ಸಲ ಹೂಂ ಅಂದಿದ್ರು. ಈಗ ಅಪ್ಪ ಇದನ್ನೇ ಎದೇಲಿಟ್ಕೊಂಡು ಆಪರೇಷನ್ ಮೇಜಿನ ಮೇಲೆ ಮಲಗ್ತಾನೆ. ನಾನೇನು ಮಾಡ್ಲಿ?"

ನನಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ತಿಳಿಯದಿದ್ದಾಗ ನಾನು ಮಾಡುವುದು ಒಂದೇ: ಚಪ್ಪಲಿ ಬದಲಿಸಿ, ಬೂಟು ಹಾಕಿಕೊಂಡು ಸೋನುನ್‌ಬೂಬೂ ಅಕ್ಕನ ಮನೆಗೆ ಹೋಗುವುದು.

ಅಕ್ಕನಿಗೆ ಅರವತ್ತೆಂಟು. ಮೂವತ್ತೊಂದು ವರ್ಷ ಊರಿನ ಟೆಲಿಫೋನ್ ಕಚೇರಿಯಲ್ಲಿ ಕೂತು, ತಂತಿ ಚುಚ್ಚಿ ತಂತಿ ಕಿತ್ತು, ಈ ಮನೆಯ ಮಾತನ್ನು ಆ ಮನೆಗೆ ಮುಟ್ಟಿಸಿದವಳು. ಕಣಿವೆಯ ಗುಟ್ಟೆಲ್ಲ ಅವಳ ಕಿವಿಯಲ್ಲಿ ಹಾದುಹೋಗಿದೆ, ಬಾಯಿಂದ ಒಂದೂ ಹೊರಬಿದ್ದಿಲ್ಲ. ಅದಕ್ಕೇ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುವುದು. ಮದುವೆ ಮನೆಯಿಂದ ಮಾಯವಾದ ಟಗರನ್ನೂ ಗ್ರಾಮಸಭೆಯ ಕಳೆದುಹೋದ ಮುದ್ರೆಯನ್ನೂ ಹುಡುಕಿಕೊಟ್ಟವಳು ಅವಳೇ. ಈಗ ಎಡಗಿವಿ ಪೂರ್ತಿ ಹೋಗಿದೆ. ಆ ಕಿವಿಯ ಕೆಲಸ ನನ್ನದು.

ಮಧ್ಯಾಹ್ನ ಅಕ್ಕ ಕಂಪ್ಯೂಟರ್ ಕೋಣೆಗೆ ಬಂದು, ಒಲೆಯ ಪಕ್ಕ ಕೂತು, ಜೇಬಿನಿಂದ ಒಣ ಮೊಸರಿನ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಹೋದ ಆಟ ವಾಪಸ್ ಬರುತ್ತಾ ಹುಡುಗಿ?"

"ಬರಲ್ಲ ಅಕ್ಕ. ಎಲ್ಲಾ ಕಡೆ ಹುಡುಕ್ದೆ. ನಕಲೂ ಇಟ್ಟಿರಲಿಲ್ಲ."

"ನಿಮ್ಮಪ್ಪನಿಗೆ ಕಲ್ಲೆಲ್ಲ ಬಾಯಿಪಾಠ ಇರುತ್ತಲ್ಲ."

"ಅಪ್ಪನಿಗೆ ತಾನು ನಡೆಸಿದ ತನಕ ಗೊತ್ತು. ಗುರುವಾರದ ನಡೆ ಚಿಕ್ಕಪ್ಪನಿಗೆ ಮಾತ್ರ ಗೊತ್ತು. ಅವರು ಹೇಳಿದ್ದನ್ನ ಇವನು ನಂಬಲ್ಲ."

"ಸರಿ. ನಾನೂ ಒಬ್ಬ ಮುದುಕ ಅಂದ್ಕೋ. ಹೇಗೆ ಆಡೋದು, ತೋರ್ಸು."

ಬುರುಲ್ಚಾ ಯಂತ್ರ ಚಾಲೂ ಮಾಡಿದಳು. ಅದು ಚಳಿಗಾಲದ ಟ್ರಾಕ್ಟರಿನಂತೆ ಗೊರಗುಟ್ಟಿ, ಎರಡು ನಿಮಿಷ ತೆಗೆದುಕೊಂಡು ಎದ್ದಿತು. ಮೊದಲು ಮೂರು ಸಾಲಿನ ಒಂದು ಮೆನು ಬಂತು: ಆಟ ಮುಂದುವರಿಸು, ಹೊಸ ಆಟ, ಆಟ ಅಳಿಸು. ಬಾಣದ ಬಟನ್ನಿನಿಂದ ಮೇಲೆ ಕೆಳಗೆ ಹೋಗುವುದು, ಬೇಕಾದ ಸಾಲಿನ ಮೇಲೆ ನಿಂತು ಎಂಟರ್ ಒತ್ತುವುದು. ಒತ್ತಿದಾಗ ಯಂತ್ರದಿಂದ ಟಕ್ ಎಂದು ಸದ್ದು. ಸದ್ಯಕ್ಕೆ ಅವಳು ಹೊಸ ಆಟ ಆರಿಸಿದಳು. ಮೆನು ಹೋಯಿತು, ಒಂಬತ್ತು ಒಂಬತ್ತು ಗುಳಿಯ ಹಲಗೆ ಬಂತು. ಗುಳಿಯ ಅಂಕಿ ಒತ್ತಿದರೆ ಕಲ್ಲುಗಳು ತಾವೇ ಹಂಚಿಕೊಂಡು ಹೋಗುತ್ತವೆ. ನಡೆ ಮುಗಿದ ಮೇಲೆ ಕೀಲಿಮಣೆಯ ಕೆಳಗಿನ ಉದ್ದನೆಯ ಅಡ್ಡಪಟ್ಟಿಯ ಬಟನ್ ಒತ್ತಿದರೆ ಎರಡನೆಯ ಮೆನು: ಉಳಿಸು, ಹಿಂದಿನ ನಡೆ ತೋರಿಸು, ಮುಚ್ಚು.

"ಮೊದಲ್ನೇ ಮೆನು ಎಲ್ಲಿ ಹೋಯ್ತು?" ಅಕ್ಕ ಕೇಳಿದಳು.

"ಹಲಗೆ ಬಂದ ಮೇಲೆ ಅದು ಕಾಣಲ್ಲ, ಅಕ್ಕ."

"ಕಾಣಲ್ಲ," ಅಕ್ಕ ಮೊಸರುಂಡೆಯನ್ನು ಇನ್ನೊಂದು ಕೆನ್ನೆಗೆ ಸರಿಸಿದಳು. "ಅಳಿಸು ಅಂದ್ರೆ ಖಂಡಿತಾನಾ ಅಂತ ಇನ್ನೊಂದು ಸಲ ಕೇಳೋದಿಲ್ವಾ ಅದು?"

ಬುರುಲ್ಚಾಳ ಮುಖ ಕೆಂಪಾಯಿತು. "ಕೇಳೋ ಹಾಗೆ ಬರೀಬೇಕು ಅಂತಿದ್ದೆ. ನಾಳೆ ನಾಳೆ ಅಂತ ಬಿಟ್ಟೆ."

"ನೀನು ಆಟದಿಂದ ಹೊರಗೆ ಬರೋದು ಹೇಗೆ?"

"ಮೂಲೆ ಬಟನ್ ಒತ್ತಿ. ಅದು ಆಟ ಉಳಿಸಿ, ಎಲ್ಲಾನೂ ಒಂದೇ ಸಲ ನಿಲ್ಲಿಸುತ್ತೆ. ಅಪ್ಪನಿಗೂ ಅದೇ ಹೇಳ್ಕೊಟ್ಟಿದ್ದೀನಿ."

"ಮತ್ತೆ ಜಕ್ಷಿಲಿಕ್?"

"ಚಿಕ್ಕಪ್ಪ ಆ ಬಟನ್ ಮುಟ್ಟಲ್ಲ. ಮೆನುವಿನಲ್ಲಿ ಉಳಿಸು ಅಂತ ಒತ್ತಿ, ಎದ್ದು ನನಗೆ ಹೇಳ್ತಾರೆ. ನಾನು ಹೋಗಿ ನಿಲ್ಲಿಸ್ತೀನಿ. ಹೋದ ಗುರುವಾರ ಮಾತ್ರ ನಾನಿರಲಿಲ್ಲ, ಜಿಲ್ಲಾ ಶಿಕ್ಷಣ ಕಚೇರಿಗೆ ಕರೆದಿದ್ರು. ಯಂತ್ರ ಹಚ್ಚಿಕೊಡೋಕೆ ಕಲೀಪಾ ಅಕ್ಕನಿಗೆ ಹೇಳಿ ಹೋಗಿದ್ದೆ."

ಹೌದು, ಹಚ್ಚಿಕೊಟ್ಟವಳು ನಾನೇ. ಹಚ್ಚಿಕೊಟ್ಟು ನನ್ನ ಕೋಣೆಗೆ ಬಂದಿದ್ದೆ. ಅಕ್ಕ ತನ್ನ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದಳು. ಗೋಡೆಯಾಚೆ ಏನೇನು ಕೇಳಿದೆ, ಒಂದೂ ಬಿಡದೆ ಹೇಳು ಎಂದಳು.

"ಏನು ಕೇಳುತ್ತೆ ಅಕ್ಕ? ಶುರುವಿಗೆ ಒಂದು ಟಕ್. ಆಮೇಲೆ ಬಹಳ ಹೊತ್ತು ಏನಿಲ್ಲ, ಅಣ್ಣ ಯೋಚ್ನೆ ಮಾಡ್ತಿದ್ರು. ಆಮೇಲೆ ಟಕ್-ಟಕ್. ಸ್ವಲ್ಪ ಬಿಟ್ಟು ಇನ್ನೊಂದ್ಸಲ ಟಕ್-ಟಕ್. ಆಮೇಲೆ ಅಣ್ಣ ಬಂದು ಯಂತ್ರ ಆರಿಸಮ್ಮ ಅಂದ್ರು, ಆರಿಸಿದೆ, ಹೋದ್ರು. ಹತ್ತೂವರೆ ಆಗಿತ್ತು."

"ಟಕ್-ಟಕ್ಕಾ, ಟಕ್ಕಾ?"

"ಟಕ್-ಟಕ್. ಗುರುವಾರ ಯಾವಾಗ್ಲೂ ಕೊನೇಲಿ ಜೋಡಿ ಸದ್ದೇ. ಕೈ ನಡುಗುತ್ತಲ್ಲ, ಎರಡೆರಡು ಸಲ ಒತ್ತಿಬಿಡ್ತಾರೆ, ಪಾಪ."

"ಮಂಗಳವಾರ?"

"ಓರ್ಮೊನ್ ಅಣ್ಣನದು ಶುರುವಿನ ಒಂದೇ ಟಕ್."

ಅಕ್ಕ ತಲೆಯಾಡಿಸಿದಳು. ಇಷ್ಟರಲ್ಲಿ ಭವನದ ನಿರ್ದೇಶಕ ದೊಕ್ತುರ್ಬೆಕ್ ಬಾಗಿಲಲ್ಲಿ ಬಂದು ನಿಂತ. ಈ ಕೋಣೆಯನ್ನು ಮದುವೆ ಉಡುಪಿನ ಅಂಗಡಿಗೆ ಬಾಡಿಗೆ ಕೊಡಬೇಕೆಂದು ಒಂದು ವರ್ಷದಿಂದ ಹವಣಿಸುತ್ತಿದ್ದಾನೆ. ಯಾರೂ ಏನೂ ಕೇಳುವ ಮೊದಲೇ, "ನಾನು ಆ ಡಬ್ಬಾನ ಬೆರಳಲ್ಲೂ ಮುಟ್ಟಿಲ್ಲ!" ಎಂದ.

"ಕುಂಬಳಕಾಯಿ ಕಳ್ಳ ಅನ್ನೋಕೂ ಮುಂಚೆನೇ ಹೆಗಲು ಮುಟ್ಕೊಂಡ್ಯಲ್ಲಪ್ಪ," ಎಂದಳು ಅಕ್ಕ. "ಗುರುವಾರ ಇಲ್ಲಿಗೆ ಬಂದಿದ್ಯಾ?"

ಅವನು ನನ್ನನ್ನು ನೋಡಿದ. ಬಂದಿದ್ದನ್ನು ನಾನು ನೋಡಿದ್ದೇನೆಂದು ಅವನಿಗೆ ಗೊತ್ತು. "ಹನ್ನೊಂದು ಗಂಟೆಗೆ ಬಂದಿದ್ದೆ, ಅಕ್ಕ. ಟೇಪು ಹಿಡ್ದು ಕೋಣೆ ಅಳತೆ ಮಾಡ್ದೆ, ಹೋದೆ. ಅಷ್ಟೇ."

ಅವನು ಹೋದ ಮೇಲೆ ನಾನು ಅಕ್ಕನ ಬಲಗಿವಿಗೆ ಬಾಯಿಟ್ಟೆ. "ಇವನೇ! ಆಟ ಹೋದ್ರೆ ಮುದುಕರು ಬರಲ್ಲ, ಮುದುಕರು ಬರದಿದ್ರೆ ಕೋಣೆ ಖಾಲಿ."

"ಯಂತ್ರ ಗೊರಗುಟ್ಟಿದ್ದು ಗುರುವಾರ ಎಷ್ಟು ಸಲ?"

ನಾನು ನೆನಪು ಮಾಡಿಕೊಂಡೆ. ಒಂದೇ ಸಲ. ನಾನು ಹಚ್ಚಿದಾಗ ಒಂದು ಸಲ, ಅಷ್ಟೇ. ಆ ಯಂತ್ರದ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಈ ಆಟಕ್ಕಲ್ಲದೆ ಅದನ್ನು ಯಾರೂ ಹಚ್ಚುವುದಿಲ್ಲ. ಶುಕ್ರವಾರ, ಶನಿವಾರ, ಸೋಮವಾರ ನಾನು ಬೆಳಿಗ್ಗೆಯಿಂದ ಬೀಗ ಹಾಕುವವರೆಗೂ ಗೋಡೆಯೀಚೆ ಕೂತಿದ್ದೆ. ಗೊರಗುಟ್ಟಿದ ಸದ್ದೇ ಇರಲಿಲ್ಲ. ಹಾಗಾದರೆ ಆಟ ಅಳಿಸಿಹೋದದ್ದು ಜಕ್ಷಿಲಿಕ್ ಅಣ್ಣ ಒಬ್ಬರೇ ಆ ಕುರ್ಚಿಯಲ್ಲಿ ಕೂತಿದ್ದಾಗಲೇ. ನಾನು ಬಾಯಿಬಿಟ್ಟು ಆ ಒಳ್ಳೆಯ ಮನುಷ್ಯನ ಕುತ್ತಿಗೆಗೆ ಹಗ್ಗ ಹಾಕಿದ್ದೆ. ನನಗೆ ಅಳು ಬಂತು.

"ಅಳ್ಬೇಡ," ಎಂದಳು ಅಕ್ಕ. "ಕೇಳಿದ್ದನ್ನ ಹೇಳಿದ್ದೀಯ. ನಾಳೆ ಅವನನ್ನ ನೋಡೋಣ."

ಬುಧವಾರ ಜಕ್ಷಿಲಿಕ್ ಅಣ್ಣನವರ ಮನೆಗೆ ಹೋದೆವು. ಅವರು ರೊಟ್ಟಿ ಮುರಿದು ಮುಂದಿಟ್ಟರು, ಚಹಾ ಬಗ್ಗಿಸಿದರು, ನಾವು ಒಂದು ಗುಟುಕು ಕುಡಿಯುವವರೆಗೂ ಮಾತಾಡಲಿಲ್ಲ. ಆಮೇಲೆ, "ಊರಲ್ಲಿ ಏನು ಮಾತಾಡ್ತಿದ್ದಾರೆ ಅಂತ ಗೊತ್ತು, ಸೋನುನ್. ಅಳಿಸಿಲ್ಲ ನಾನು. ಹೇಳಿದ್ರೆ ಯಾರು ನಂಬ್ತಾರೆ? ಬಿಡು," ಎಂದರು.

"ನಂಬೋದು ಆಮೇಲೆ. ಆವತ್ತು ಏನೇನು ಒತ್ತಿದ್ರಿ, ಈ ಮೇಜಿನ ಮೇಲೆ ಒತ್ತಿ ತೋರ್ಸಿ."

ಮುದುಕರು ಬೆರಳಿನಿಂದ ತೋರಿಸಿದರು. ಉಳಿಸು ಮೇಲೇ ಇತ್ತು, ಒಂದು ಸಲ ಎಂಟರ್. ತೆರೆ ಒಮ್ಮೆ ಕಣ್ಣು ಮಿಟುಕಿಸಿತು, ಪ್ರತಿ ಗುರುವಾರದ ಹಾಗೆ. ಆಮೇಲೆ ಬಾಣ ಒಂದು, ಬಾಣ ಎರಡು, ಕೆಳಗೆ ಮುಚ್ಚು ಇತ್ತು, ಇನ್ನೊಂದು ಸಲ ಎಂಟರ್. ತೆರೆ ಕಪ್ಪಾಯಿತು. ಅಷ್ಟೇ. ನಾನು ಬೆರಳನ್ನೇ ನೋಡುತ್ತಿದ್ದೆ. ಬೆರಳು ನಡುಗಲಿಲ್ಲ. ಪ್ರತಿಯೊಂದನ್ನೂ ಒಂದೇ ಸಲ, ಗಟ್ಟಿಯಾಗಿ ಒತ್ತಿತು.

"ಮೂಲೆ ಬಟನ್ ಒತ್ತಿದ್ರೆ ಸುಲಭ ಇತ್ತಲ್ಲ?"

"ಅದು ಬಾಗಿಲು ದಡಾರ್ ಅಂತ ಹಾಕ್ಕೊಂಡು ಎದ್ದು ಹೋಗೋ ಥರ. ಮಗು ಮೆನು ಅಂತ ಮಾಡಿಟ್ಟಿದೆ, ಮುಚ್ಚು ಅಂತ ಬರೆದಿಟ್ಟಿದೆ. ಯಾರ ಮನೆಯಿಂದನಾದ್ರೂ ರೊಟ್ಟಿ ಮುಟ್ಟದೆ ಹಾಗೇ ಎದ್ದು ಹೋಗ್ತೀವಾ?"

ದಾರಿಯಲ್ಲಿ ಅಕ್ಕ ಸೇತುವೆಯ ಹತ್ತಿರ ನಿಂತು, "ಶನಿವಾರ ಎಲ್ಲರನ್ನೂ ಕಂಪ್ಯೂಟರ್ ಕೋಣೆಗೆ ಕರೆಸು," ಎಂದಳು. "ಯಾರು ಮಾಡಿದ್ದು ಅಂತ ಗೊತ್ತಾಯ್ತು. ಅದರಿಂದ ಯಾರಿಗೇನು ಒಳ್ಳೇದಾಗುತ್ತೋ, ಅದು ಗೊತ್ತಿಲ್ಲ."

ಶನಿವಾರ ಮಧ್ಯಾಹ್ನ ಎಲ್ಲರೂ ಬಂದರು. ಬುರುಲ್ಚಾ ಹಿಟ್ಟಿನ ತುಂಡು ಕರಿದು ಮಾಡಿದ ಬೂರ್ಸೊಕ್, ಚಹಾ ತಂದಿದ್ದಳು. ಯಾರೂ ಕೈ ಹಾಕಲಿಲ್ಲ. ಓರ್ಮೊನ್ ಅಣ್ಣ ಕಿಟಕಿಯ ಹತ್ತಿರ, ಜಕ್ಷಿಲಿಕ್ ಅಣ್ಣ ಬಾಗಿಲ ಹತ್ತಿರ, ಇಬ್ಬರ ಬೆನ್ನೂ ಪರಸ್ಪರ ತಿರುಗಿತ್ತು. ದೊಕ್ತುರ್ಬೆಕ್ ನಡುವೆ ನಿಂತು ಬೆವರುತ್ತಿದ್ದ.

"ಮೊದಲು ದೊಕ್ತುರ್ಬೆಕ್ ಕೂತ್ಕೊಳ್ಲಿ," ಅಕ್ಕ ಶುರು ಮಾಡಿದಳು. "ಅವನಿಗೆ ಆಸೆ ಇತ್ತು, ಕೋಣೆಗೂ ಬಂದಿದ್ದ. ಆದ್ರೆ ಅವನು ಬಂದಾಗ ಯಂತ್ರ ಆರಿತ್ತು. ಹಚ್ಚಿದ್ರೆ ಗೊರಗುಟ್ಟೋದು ಕಲೀಪಾಗೆ ಕೇಳಿಸದೇ ಇರಲ್ಲ. ಬುರುಲ್ಚಾ ಊರಲ್ಲೇ ಇರಲಿಲ್ಲ. ಆಟ ಹೋಗಿದ್ದು ಜಕ್ಷಿಲಿಕಣ್ಣ ಕೂತಿದ್ದಾಗ, ಅವರ ಬೆರಳಿಂದ."

"ನಾನು ಹೇಳ್ಲಿಲ್ವಾ!" ಓರ್ಮೊನ್ ಅಣ್ಣ ಎದ್ದರು.

"ಕೂತ್ಕೊಳ್ಳಿ. ಅರ್ಧ ಮಾತಿಗೇ ಎದ್ದು ನಿಂತ್ರೆ ಎದೆಗೆ ಒಳ್ಳೇದಲ್ಲ. ಬುರುಲ್ಚಾ, ಯಂತ್ರ ಹಚ್ಚು, ಒಂದು ಸುಳ್ಳು ಆಟ ಉಳಿಸಿಡು. ಜಕ್ಷಿಲಿಕಣ್ಣ, ಮುಂದುವರಿಸು ಅನ್ನಿ, ಒಂದು ನಡೆ ನಡೆಸಿ, ಆವತ್ತು ಹೇಗೆ ಮುಚ್ಚಿದ್ರೋ ಹಾಗೇ ಮುಚ್ಚಿ. ಎಲ್ಲರೂ ಕಿವಿ ಕೊಡಿ."

ಜಕ್ಷಿಲಿಕ್ ಅಣ್ಣ ಬಂದು ಕೂತರು. ಉಳಿಸು. ಬೆರಳು ಒತ್ತಿದ್ದು ಒಂದೇ ಸಲ. ಯಂತ್ರ ಟಕ್-ಟಕ್ ಎಂದಿತು, ತೆರೆ ಮಿಟುಕಿತು. ಬಾಣ, ಬಾಣ, ಮುಚ್ಚು. ಒಂದೇ ಸಲ ಒತ್ತಿದರು, ಟಕ್-ಟಕ್. ತೆರೆ ಕಪ್ಪಾಯಿತು. ಬುರುಲ್ಚಾ ಮತ್ತೆ ಆಟ ತೆರೆದಳು. ಉಳಿಸಿಟ್ಟ ಆಟ ಯಾವುದೂ ಇಲ್ಲ.

ಅವಳು ಬಾಯಿಗೆ ಕೈ ಹಿಡಿದುಕೊಂಡಳು. ಅವಳಿಗೆ ಅರ್ಥವಾಗಿಬಿಟ್ಟಿತ್ತು. ನಮಗಾರಿಗೂ ಆಗಿರಲಿಲ್ಲ.

ಅಕ್ಕ ಎರಡು ಹಾಳೆ ಕೈಗೆತ್ತಿಕೊಂಡಳು. ಒಂದರ ಮೇಲೆ ಮೊದಲ ಮೆನುವಿನ ಮೂರು ಸಾಲು, ಇನ್ನೊಂದರ ಮೇಲೆ ಎರಡನೆಯದರ ಮೂರು ಸಾಲು, ಸರಿಸಮಕ್ಕೆ ಬರೆದು ತಂದಿದ್ದಳು. ಒಂದರ ಮೇಲೊಂದು ಇಟ್ಟು, ಮೇಲಿನ ಹಾಳೆಯ ಮೂರನೆಯ ಸಾಲಿನಲ್ಲಿ, ಮುಚ್ಚು ಎಂಬಲ್ಲಿ, ಸೂಜಿ ಚುಚ್ಚಿದಳು. ಹಾಳೆ ಬೇರೆ ಮಾಡಿ ಹಿಡಿದಳು. ಕೆಳಗಿನ ಹಾಳೆಯ ತೂತು ಅಳಿಸು ಎಂಬ ಸಾಲಿನ ಮೇಲಿತ್ತು.

"ಟೆಲಿಫೋನ್ ಕಚೇರೀಲಿ ನಮಗೆ ಮೊದಲನೇ ದಿನ ಕಲಿಸೋದು ಒಂದೇ: ಹಳೇ ತಂತಿ ಕೀಳದೆ ಹೊಸ ತಂತಿ ಚುಚ್ಬೇಡಿ. ಚುಚ್ಚಿದ್ರೆ ಇವಳು ಗಂಡನಿಗೆ ಹೇಳಿದ್ದು ಪಕ್ಕದ ಮನೆಗೂ ಕೇಳುತ್ತೆ. ಬುರುಲ್ಚಾ ಮೊದಲನೇ ಮೆನುವನ್ನ ತೆರೆಯಿಂದ ತೆಗೆದ್ಲು, ಮುಚ್ಚಲಿಲ್ಲ. ಕಾಣಲ್ಲ ಅಂದ್ಲು, ಇಲ್ಲ ಅನ್ಲಿಲ್ಲ. ಅದು ಹಲಗೆ ಹಿಂದೆ ಕೂತು ಕೇಳಿಸ್ಕೊಳ್ತಾನೇ ಇತ್ತು. ಮೇಲಿನ ಮೆನುಗೆ ಬಾಣ ಒತ್ತಿದ್ರೆ ಅದೂ ಕೆಳಗಿಳಿಯುತ್ತೆ. ಎಂಟರ್ ಒತ್ತಿದ್ರೆ ಅದೂ ಪಾಲಿಸುತ್ತೆ. ಒಂದು ಒತ್ತಿಗೆ ಎರಡು ಟಕ್, ಒಂದು ಇದರದ್ದು, ಒಂದು ಅದರದ್ದು. ಬೆರಳು ನಡುಗೋದಲ್ಲ ಅಂತ ಬುಧವಾರ ನೋಡಿದಾಗಲೇ ಗೊತ್ತಾಯ್ತು ನಂಗೆ."

"ಮತ್ತೆ ಎಂಟು ತಿಂಗಳು ಯಾಕೆ ಏನೂ ಆಗ್ಲಿಲ್ಲ?" ದೊಕ್ತುರ್ಬೆಕ್ ಕೇಳಿದ. ಆಪಾದನೆ ತಪ್ಪಿದ ಮೇಲೆ ಅವನಿಗೆ ಬುದ್ಧಿ ಬಂದಿತ್ತು.

"ಮೇಲೆ ಉಳಿಸು ಒತ್ತಿದ್ರೆ ಕೆಳಗೆ ಅದೇ ಜಾಗದಲ್ಲಿ ಮುಂದುವರಿಸು. ಆಟ ಇನ್ನೊಂದ್ಸಲ ತೆರ್ಕೊಳ್ಳುತ್ತೆ, ಕಣ್ಣು ಮಿಟುಕುತ್ತೆ, ನಷ್ಟ ಇಲ್ಲ. ಮುಚ್ಚು ಅನ್ನೋದನ್ನ ಮಾತ್ರ ಯಾರೂ ಒತ್ತೇ ಇರಲಿಲ್ಲ. ಓರ್ಮೊನಣ್ಣ ಮೂಲೆ ಬಟನ್ ಕುಕ್ಕಿ ಎದ್ದು ಹೋಗೋರು. ಬರೆದವಳೂ ಅದನ್ನೇ ಕುಕ್ಕೋಳು, ಗುರುವಾರ ಜಕ್ಷಿಲಿಕಣ್ಣನ ಆಟ ನಿಲ್ಲಿಸೋಳೂ ಅವಳೇ; ಹೋದ ಗುರುವಾರ ಅವಳಿರಲಿಲ್ಲ, ಅವರೇ ಮುಚ್ಚಿದ್ರು. ತಾನು ಮಾಡಿದ ಬಾಗಿಲಿಂದ ತಾನೇ ಒಂದು ದಿನ ಹೊರಗೆ ಬಂ‍ದು ನೋಡ್ಲಿಲ್ಲ. ಈ ಎಂಟು ತಿಂಗಳಲ್ಲಿ ಮರ್ಯಾದೆಯಾಗಿ ಮುಚ್ಚಿ ಹೋದವರು ಒಬ್ಬರೇ. ಅವರ ಕೈಯಲ್ಲೇ ಹೋಯ್ತು."

ಬುರುಲ್ಚಾ ಅಳುತ್ತಿದ್ದಳು. "ಒಂದು ಸಾಲು, ಚಿಕ್ಕಪ್ಪ. ಹಲಗೆ ತೆರೆಯೋ ಮುಂಚೆ ಅದನ್ನ ಮುಚ್ಚೋಕೆ ಒಂದೇ ಒಂದು ಸಾಲು ಬರೀಬೇಕಿತ್ತು. ಐದು ನಿಮಿಷದ ಕೆಲಸ."

ಓರ್ಮೊನ್ ಅಣ್ಣ ಆ ಎರಡು ಹಾಳೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನು ತಿರುಗಿಸಿ ಕೂತಿದ್ದ ಮನುಷ್ಯ ಮೊದಲ ಸಲ ಈ ಕಡೆ ತಿರುಗಿದರು.

"ಜಕ್ಷಿಲಿಕ್," ಎಂದರು. ಆ ಹೆಸರು ಅವರ ಬಾಯಿಂದ ಹನ್ನೊಂದು ವರ್ಷದ ಮೇಲೆ ಬಂದದ್ದು. "ನನ್ನ ಮಗಳ ತಪ್ಪಿಗೆ ನಿನ್ನನ್ನ ಸಂತೆ ಬೀದೀಲಿ ಕಳ್ಳ ಅಂದೆ. ಅಂದು ನಾರಿನ್‌ನಲ್ಲೂ ಹೀಗೇ ಏನೋ ಆಗಿರ್ಬೇಕು. ಮೇಜು ಅಲುಗಿರ್ಬೇಕು. ನನ್ನ ಕಣ್ಣೇ ನಂಗೆ ಮೋಸ ಮಾಡಿರ್ಬೇಕು. ಸೋಮವಾರ ಹೋಗ್ತಿದ್ದೀನಿ, ಬರ್ತೀನೋ ಇಲ್ವೋ. ಎರಡಕ್ಕೂ ಸೇರಿಸಿ ಕ್ಷಮಿಸಿಬಿಡು."

ಬುರುಲ್ಚಾ ಅಳು ನಿಲ್ಲಿಸಿ ಚಹಾದ ಪಾತ್ರೆಗೆ ಕೈ ಹಾಕಿದಳು. ಅಷ್ಟು ಹೊತ್ತೂ ನಿರ್ದೋಷಿಯ ಹಾಗೆ ಕೂತಿದ್ದ ಜಕ್ಷಿಲಿಕ್ ಅಣ್ಣನವರ ಮುಖ ಮಾತ್ರ ಬೂದಿಯಾಗಿತ್ತು.

"ಈ ಸಲದ್ದು ಕ್ಷಮಿಸಿದೆ," ಎಂದರು. "ಆ ಸಲದ್ದಕ್ಕೆ ಕೇಳ್ಬೇಡ, ಓರ್ಮೊನ್."

"ಯಾಕೆ?"

"ಆ ಸಲ ಕಲ್ಲು ತೆಗೆದವನು ನಾನೇ."

ಅಕ್ಕ ನನ್ನ ಕಡೆ ನೋಡಿದಳು, ಏನಂದರು ಎಂಬಂತೆ. ನಾನು ಹೇಳಲಿಲ್ಲ; ಅವಳಿಗೂ ಕೇಳಿಸಿತ್ತು.

"ಯಾವ ಗುಳಿಯಿಂದ?" ಓರ್ಮೊನ್ ಅಣ್ಣ ಕೇಳಿದರು.

"ಏಳನೇದರಿಂದ ಎಂಟಕ್ಕೆ. ನೀನು ನೀರಿಗೆ ಹೋಗಿದ್ದೆ. ತೀರ್ಪುಗಾರ ಗಡಿಯಾರ ನೋಡ್ತಿದ್ದ. ಯಾಕೆ ಮಾಡ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ಆ ಪಂದ್ಯದಲ್ಲಿ ಬಹುಮಾನ ಕೊಟ್ಟ ಬಟ್ಟಲು ಟ್ರಂಕಿನಲ್ಲೇ ಇದೆ, ಒಂದು ದಿನಾನೂ ಹೊರಗೆ ಇಟ್ಟಿಲ್ಲ. ಊರೆಲ್ಲ ನನ್ನನ್ನ ಒಳ್ಳೆಯವನು, ನಿನ್ನನ್ನ ಹೊಟ್ಟೆಕಿಚ್ಚಿನವನು ಅಂದಾಗ ಬಾಯಿಬಿಡೋಕೆ ಹೋದೆ. ಒಂದು ದಿನ ತಡ ಆಯ್ತು, ಆಮೇಲೆ ಒಂದು ವರ್ಷ. ಆಮೇಲೆ ಹೇಳೋಕೆ ಮುಖ ಇರಲಿಲ್ಲ."

"ಏಳರಿಂದ ಎಂಟಕ್ಕೆ," ಓರ್ಮೊನ್ ಅಣ್ಣ ಮೆಲ್ಲಗೆ ಹೇಳಿದರು. "ನಾನು ಹೇಳಿದ್ದೂ ಅದೇ. ಯಾರೂ ನಂಬಲಿಲ್ಲ. ನನ್ನ ಹೆಂಡ್ತೀನೂ ನಂಬಲಿಲ್ಲ. ಸಾಯೋವಾಗ ಕೈ ಹಿಡ್ಕೊಂಡು ಹೇಳಿದ್ಲು, ಜಕ್ಷಿಲಿಕನ ಹತ್ರ ಕ್ಷಮೆ ಕೇಳಿ ಅಂತ. ಕೊನೆಕೊನೆಗೆ ನನ್ನ ಕಣ್ಣನ್ನ ನಾನೇ ನಂಬದ ಹಾಗಾಯ್ತಲ್ಲೋ."

ಅಷ್ಟು ಹೇಳಿ ಟೋಪಿ ಹಾಕಿಕೊಂಡು ಹೊರಟುಹೋದರು. ಬುರುಲ್ಚಾ ಹಿಂದೆ ಓಡಿದಳು. ಜಕ್ಷಿಲಿಕ್ ಅಣ್ಣ ಕಂಪ್ಯೂಟರಿನ ಮುಂದೆ ಕೂತಲ್ಲೇ ಕೂತಿದ್ದರು. ನಾನು ಅಕ್ಕನನ್ನು ಹಿಡಿದು ಅಲುಗಿಸಿದೆ. "ಏನಾದ್ರೂ ಮಾಡು ಅಕ್ಕ!"

"ಯಾರು ಅಳಿಸಿದ್ದು ಅಂತ ಕೇಳಿದ್ರಿ, ಹೇಳಿದೆ," ಎಂದಳು ಅಕ್ಕ. ಅವಳ ದನಿ ಎಂದೂ ಹಾಗೆ ಕೇಳಿಸಿರಲಿಲ್ಲ. "ಇದಕ್ಕೆ ನನ್ನ ಹತ್ರ ಏನೂ ಇಲ್ಲ, ಕಲೀಪಾ."

ಭಾನುವಾರ ಇಬ್ಬರ ಮನೆಯ ಬಾಗಿಲೂ ತೆರೆಯಲಿಲ್ಲ. ಬುರುಲ್ಚಾ ಮಾತ್ರ ಭವನಕ್ಕೆ ಬಂದು ಆ ಒಂದು ಸಾಲು ಬರೆದು ಹೋದಳಂತೆ. ಬರೆದು ಯಾರಿಗೆ ಏನು ಉಪಯೋಗವೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ. ಸುಮ್ಮನೆ ಕೂರಲಾಗದೆ ಬರೆದಿರಬೇಕು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಿಷ್ಕೆಕ್ ಗಾಡಿ ನಿಲ್ಲುವಲ್ಲಿಗೆ ಅಕ್ಕನೂ ನಾನೂ ಹೋದೆವು. ಓರ್ಮೊನ್ ಅಣ್ಣ ಮಗಳ ತೋಳು ಹಿಡಿದು ಬಂದು ವ್ಯಾನು ಹತ್ತುತ್ತಿದ್ದರು. ಟಿಕೆಟ್ ಕೊಡುವ ಗೂಡಿನ ಪಕ್ಕದಲ್ಲಿ ಜಕ್ಷಿಲಿಕ್ ಅಣ್ಣ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ, ಹೆಗಲ ಮೇಲೆ ಹಿಮ ಕೂತಿತ್ತು.

ಓರ್ಮೊನ್ ಅಣ್ಣ ಅವರನ್ನು ನೋಡಿದರು. ಮೆಟ್ಟಿಲಿನಿಂದ ಕೆಳಗಿಳಿದರು. ಹತ್ತಿರ ಹೋದರು.

"ಕತ್ತೆ!" ಎಂದರು. "ಮುಠ್ಠಾಳ! ಒಂದು ಕಲ್ಲಿಗೆ ಹನ್ನೊಂದು ವರ್ಷ ತಿಂದ್ಯಲ್ಲೋ! ನಾರಿನ್‌ನಿಂದ ಬಂದ ಮಾರನೇ ದಿನ ಬಂದು ಹೇಳಿದ್ರೆ ಎರಡು ಬಾರಿಸಿ ಮುಗಿಸ್ತಿದ್ದೆ! ನನ್ನ ಮಗಳ ಮದುವೆ ಊಟ ತಪ್ಪಿಸ್ಕೊಂಡೆ, ಬಯಲಲ್ಲಿ ನನ್ನ ಕುದುರೆ ಸತ್ತಾಗ ಕೇಳೋಕೆ ಬರಲಿಲ್ಲ..."

ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು ಬೈದರು. ಬುರುಲ್ಚಾ ಬೇಡ ಅಪ್ಪಾ ಬೇಡ ಅಪ್ಪಾ ಎನ್ನುತ್ತಿದ್ದಳು. ಗಾಡಿಯೊಳಗಿನವರು ಕಿಟಕಿ ಒರೆಸಿ ನೋಡಿದರು. ಜಕ್ಷಿಲಿಕ್ ಅಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಚಾಲಕ ಮೂರು ಸಲ ಹಾರ್ನ್ ಹಾಕಿದ.

"ಹೊತ್ತಾಯ್ತು ತಾತ, ಗಾಡಿ ಬಿಡ್ಬೇಕು!"

"ಬಂದೆ!" ಓರ್ಮೊನ್ ಅಣ್ಣ ಕೂಗಿದರು. ಗೆಳೆಯನ ಹೆಗಲ ಮೇಲಿನ ಹಿಮವನ್ನು ಒರಟಾಗಿ ಕೊಡವಿದರು. "ಇದು ನಾಲ್ಕು ವರ್ಷದ್ದಷ್ಟೇ ಆಯ್ತು. ಇನ್ನೂ ಏಳು ವರ್ಷದ್ದಿದೆ."

ಗಾಡಿ ಹೋಯಿತು. ಆ ಎದೆ ಏಳು ವರ್ಷದ ಬೈಗುಳ ತಡೆಯುತ್ತದೋ ಇಲ್ಲವೋ, ವಾಪಸು ಬರುತ್ತದೋ ಇಲ್ಲವೋ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅಕ್ಕನೂ ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ಚಳಿ ಬಹಳ ಇದೆ, ಮನೆಗೆ ನಡೆಯಿರಿ ಎಂದು ನಾನು ಜಕ್ಷಿಲಿಕ್ ಅಣ್ಣನವರ ತೋಳು ಹಿಡಿದೆ.

"ಅವನಿನ್ನೂ ಬೈದು ಮುಗಿಸಿಲ್ಲಮ್ಮ," ಎಂದು ಅವರು ಅಲ್ಲಿಂದ ಕದಲಲಿಲ್ಲ.